ವೈನ್ ಟಿಪ್ಪಣಿಗೆ ಇಸವಿ, ತಾಪಮಾನ ಸೇರಿಸಿ

ಸಂಪಾದಕರಿಗೆ,

ಮಾನ್ಯರೇ,

ಭಾನುವಾರದ ಪುರವಣಿಗಳಲ್ಲಿ ಈಗೀಗ ವೈನ್ ರುಚಿಯ ಟಿಪ್ಪಣಿಗಳು ಕಾಣಿಸಿಕೊಳ್ಳುತ್ತಿವೆ. ನಂದಿ ಬೆಟ್ಟದ ತಪ್ಪಲು, ನಾಸಿಕ್, ಗೋವಾ ಸುತ್ತಿ ಬಂದವರು ಬರೆದದ್ದು ಕೆಲವು. ಮನೆಯಲ್ಲೇ ಬಾಟಲಿ ತೆರೆದು ಬರೆದದ್ದು ಕೆಲವು. ಒಳ್ಳೆಯದೇ. ಆದರೆ ಬಹುತೇಕ ಟಿಪ್ಪಣಿಗಳಲ್ಲಿ ವೈನಿನ ಹೆಸರು, ಬೆಲೆ ಮತ್ತು ‘ಹಣ್ಣಿನ ಘಮ, ಮೃದುವಾದ ರುಚಿ’ ಎಂಬ ಒಂದು ಸಾಲು ಬಿಟ್ಟರೆ ಬೇರೇನೂ ಇರುವುದಿಲ್ಲ. ಓದಿದವರು ಅದೇ ಬಾಟಲಿ ತಂದು ಕುಡಿದಾಗ ಆ ರುಚಿ ಸಿಗದೆ, ಬರೆದವರು ಬುರುಡೆ ಬಿಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ಬುರುಡೆ ಇರಲಾರದು. ಯಾವ ವರ್ಷದ ಬಾಟಲಿ, ಎಷ್ಟು ತಣ್ಣಗಿತ್ತು, ಎಂಥ ಲೋಟ, ತೆರೆದು ಎಷ್ಟು ಹೊತ್ತಾಗಿತ್ತು, ಜೊತೆಗೆ ಏನು ತಿನ್ನುತ್ತಿದ್ದರು ಎಂಬುದು ಬದಲಾದರೆ ರುಚಿಯೂ ಗುರುತು ಸಿಗದಷ್ಟು ಬದಲಾಗುತ್ತದೆ. ಈ ಐದನ್ನು ಬರೆಯದ ಟಿಪ್ಪಣಿಯಿಂದ ಓದುಗರಿಗೆ ಉಪಯೋಗವಿಲ್ಲ.

ಮೊದಲು ತಾಪಮಾನ. ‘ಕೆಂಪು ವೈನನ್ನು ಕೋಣೆಯ ತಾಪಮಾನದಲ್ಲೇ ಕುಡಿಯಬೇಕು’ ಎಂಬ ಮಾತನ್ನು ಎಲ್ಲರೂ ಒಬ್ಬರಿಂದೊಬ್ಬರು ನಕಲು ಮಾಡುತ್ತಾ ಬಂದಿದ್ದಾರೆ. ಆ ಕೋಣೆ ಯುರೋಪಿನದು, ಅದೂ ಹೀಟರ್ ಬರುವುದಕ್ಕೆ ಮುಂಚಿನದು. ಅಲ್ಲಿ 16ರಿಂದ 18 ಡಿಗ್ರಿ ಸೆಲ್ಸಿಯಸ್. ಏಪ್ರಿಲ್‌ನಲ್ಲಿ ಬೆಂಗಳೂರಿನ ಮನೆಯೊಳಗೇ 28 ದಾಟಿರುತ್ತದೆ, ಕಲಬುರಗಿ, ರಾಯಚೂರಿನ ಮಾತು ಬಿಡಿ. ಅಷ್ಟು ಬಿಸಿಯಲ್ಲಿ ಲೋಟಕ್ಕೆ ಮೂಗಿಟ್ಟರೆ ಮೊದಲು ಸಿಗುವುದು ಆಲ್ಕೋಹಾಲಿನ ಘಾಟು. ಹಣ್ಣಿನ ಘಮ ಅದರ ಹಿಂದೆ ಅಡಗುತ್ತದೆ, ಬಾಯಲ್ಲಿ ಹುಳಿ ಮಂಕಾಗಿ ವೈನ್ ಜೋಲುಬಿದ್ದಂತಾಗುತ್ತದೆ. ಕೆಂಪು ವೈನನ್ನು ಬಡಿಸುವ ಮುಂಚೆ ಸುಮಾರು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಸಾಕು, ಸರಿಯಾದ ಜಾಗಕ್ಕೆ ಬರುತ್ತದೆ. ಬಿಳಿ ವೈನಿನ ಎಡವಟ್ಟು ಇದಕ್ಕೆ ತದ್ವಿರುದ್ಧ. ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದ ಬಾಟಲಿ 4–5 ಡಿಗ್ರಿಯಲ್ಲಿರುತ್ತದೆ, ಆಗ ಘಮ ಮೇಲೇಳುವುದೇ ಇಲ್ಲ. ಹೊರಗೆ ತೆಗೆದು 15–20 ನಿಮಿಷ ಬಿಟ್ಟು, 8ರಿಂದ 12 ಡಿಗ್ರಿಯ ನಡುವೆ ಕುಡಿಯಬೇಕು. ನೊರೆ ಬರುವ ಸ್ಪಾರ್ಕ್ಲಿಂಗ್ ವೈನ್ ಮಾತ್ರ 6–8 ಡಿಗ್ರಿಯಲ್ಲಿ ಚೆನ್ನ. ಬಿಸಿಯಾಗಿದ್ದರೆ ಬಿರಡೆ ತೆಗೆದ ಕೂಡಲೇ ಅರ್ಧ ಬಾಟಲಿ ಮೇಜಿನ ಮೇಲೆ ಉಕ್ಕುತ್ತದೆ.

ಅವಸರವಿದ್ದರೆ ಬಕೆಟ್ಟಿಗೆ ಅರ್ಧ ಐಸು, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿಯನ್ನು ಕುತ್ತಿಗೆವರೆಗೆ ಮುಳುಗಿಸಬೇಕು. ಬಿಳಿ ವೈನಿಗೆ 20 ನಿಮಿಷ, ಕೆಂಪಿಗೆ ಏಳೆಂಟು ನಿಮಿಷ. ಬರೀ ಐಸ್ ಹಾಕಿದರೆ ತಡವಾಗುತ್ತದೆ, ಏಕೆಂದರೆ ಐಸಿನ ತುಂಡುಗಳ ನಡುವೆ ಗಾಳಿ ಇರುತ್ತದೆ. ನೀರಾದರೆ ಗಾಜನ್ನು ಎಲ್ಲ ಕಡೆ ಮುಟ್ಟುತ್ತದೆ. ಫ್ರೀಜರಿನಲ್ಲಿಟ್ಟು ಮರೆತರೆ ವೈನ್ ಗಟ್ಟಿಯಾಗಿ ಹಿಗ್ಗಿ ಬಿರಡೆಯನ್ನು ಹೊರದಬ್ಬುತ್ತದೆ. ಸ್ಪಾರ್ಕ್ಲಿಂಗ್ ಬಾಟಲಿಯಂತೂ ಒಡೆದೇ ಹೋಗಬಹುದು.

ಪ್ರವಾಸದಲ್ಲಿ ಸೊಗಸಾಗಿದ್ದ ವೈನ್ ಮನೆಗೆ ಬಂದ ಮೇಲೆ ಸಪ್ಪೆ ಎನಿಸುವುದಕ್ಕೆ ರಜೆಯ ಗುಂಗೂ ಒಂದು ಕಾರಣ. 2008ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಒಂದೇ ವೈನನ್ನು ಎರಡು ಬೆಲೆ ಹೇಳಿ ಕುಡಿಸಿದರು. ಹೆಚ್ಚಿನ ಬೆಲೆ ಕೇಳಿದಾಗ ಜನ ‘ಇದೇ ಚೆನ್ನ’ ಎಂದದ್ದಷ್ಟೇ ಅಲ್ಲ, ಮಿದುಳಿನ ಸ್ಕ್ಯಾನಿನಲ್ಲೂ ಸುಖಕ್ಕೆ ಸಂಬಂಧಿಸಿದ ಭಾಗ ಹೆಚ್ಚು ಚುರುಕಾಗಿ ಕಂಡಿತು. ತೋಟದ ನಡುವೆ ಕುಳಿತು ಬೆಟ್ಟ ನೋಡುತ್ತಾ ಕುಡಿದರೂ ಹೀಗೇ ಆಗುತ್ತದೆ.

ಆದರೆ ಗುಂಗಿನ ಮೇಲೇ ಎಲ್ಲವನ್ನೂ ಹಾಕುವುದು ಸರಿಯಲ್ಲ. ವೈನರಿಯ ಟೇಸ್ಟಿಂಗ್ ರೂಮಿನಲ್ಲಿ ಬಾಟಲಿ ನೇರ ತಂಪು ಕೋಣೆಯಿಂದ ಬರುತ್ತದೆ. ಲೋಟ ಕೆಳಗೆ ಅಗಲ, ಬಾಯಿ ಕಿರಿದು. ಸುರಿಯುವುದು 30ರಿಂದ 50 ಮಿ.ಲೀ. ಮಾತ್ರ. ಹಗುರದಿಂದ ಗಾಢಕ್ಕೆ, ಒಣದಿಂದ (ಅಂದರೆ ಸಿಹಿಯಿಲ್ಲದ್ದರಿಂದ) ಸಿಹಿಗೆ ಎಂಬ ಕ್ರಮವಿರುತ್ತದೆ. ಕೆಟ್ಟ ಬಾಟಲಿಯಾದರೆ ಸಿಬ್ಬಂದಿಯೇ ಮೂಸಿ ಪಕ್ಕಕ್ಕಿಡುತ್ತಾರೆ. ನಮ್ಮೂರಿನ ಅಂಗಡಿಯಲ್ಲಿ ಅದೇ ವೈನ್ ಟ್ಯೂಬ್‌ಲೈಟಿನ ಕೆಳಗೆ, ನೆಟ್ಟಗೆ ನಿಂತು, ಒಂದು ಬೇಸಿಗೆ ಕಳೆದಿರುತ್ತದೆ. ನೆಟ್ಟಗಿಟ್ಟ ಬಾಟಲಿಯ ಕಾರ್ಕ್ ಒಣಗಿ ಗಾಳಿ ಒಳಹೋಗಬಹುದು. ಪಾರದರ್ಶಕ ಗಾಜಿನ ಬಾಟಲಿಯಾದರೆ ಬೆಳಕಿಗೂ ಕೆಡುತ್ತದೆ, ಬೇಯಿಸಿದ ಎಲೆಕೋಸಿನಂಥ ವಾಸನೆ ಬರುತ್ತದೆ. ಅಂಗಡಿಯಲ್ಲಿ ಮುಂದಿನ ಸಾಲಿನ ಬಾಟಲಿ ಬಿಟ್ಟು, ಒಳಗಿನ ರಟ್ಟಿನ ಪೆಟ್ಟಿಗೆಯಿಂದ ಒಂದು ಕೊಡಿ ಎಂದು ಕೇಳುವುದರಲ್ಲಿ ನಾಚಿಕೆ ಬೇಡ.

ಟೇಸ್ಟಿಂಗ್ ಬಗ್ಗೆ ಬರೆಯುವವರು ಉಗುಳುವ ಪಾತ್ರೆಯ ವಿಷಯವನ್ನೂ ಬರೆಯಬೇಕು. ಶೇ 13 ಆಲ್ಕೋಹಾಲಿರುವ ಆರು ವೈನ್, ತಲಾ 50 ಮಿ.ಲೀ. ನುಂಗಿದರೆ 300 ಮಿ.ಲೀ.; ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 31 ಗ್ರಾಂ. ನಮ್ಮ ಕಾನೂನಿನಲ್ಲಿ ವಾಹನ ಓಡಿಸುವವರ ರಕ್ತದಲ್ಲಿ 100 ಮಿ.ಲೀ.ಗೆ 30 ಮಿ.ಗ್ರಾಂ ಮಿತಿ. 70 ಕಿಲೋ ತೂಕದ ಗಂಡಸು ಒಂದು ಗಂಟೆ ಬಿಟ್ಟು ಹೊರಟರೂ ಆ ಮಿತಿ ದಾಟಿರುತ್ತಾನೆ. ಬಾಯಲ್ಲಿ ಆಡಿಸಿ ಉಗುಳುವುದು ಅಸಭ್ಯತೆ ಅಲ್ಲ, ಈ ಕಸುಬಿನವರು ಮಾಡುವುದೇ ಅದು.

ಇಸವಿಯ ವಿಷಯದಲ್ಲಿ ನಮ್ಮ ನೆಲದ ಲೆಕ್ಕವೇ ಬೇರೆ. ಇಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಮಲಗುವುದಿಲ್ಲ. ವರ್ಷಕ್ಕೆ ಎರಡು ಸಲ ಸವರುತ್ತಾರೆ, ವಿಜಯಪುರದ ಕಡೆ ಚಾಟ್ನಿ ಎನ್ನುತ್ತಾರಲ್ಲ, ಅದು. ಏಪ್ರಿಲ್ ಹೊತ್ತಿನದು ಕಡ್ಡಿ ಬೆಳೆಸಲು, ಸೆಪ್ಟೆಂಬರ್–ಅಕ್ಟೋಬರಿನದು ಹಣ್ಣಿಗೆ. ಕೊಯ್ಲು ಬಹುಪಾಲು ಫೆಬ್ರುವರಿ–ಮಾರ್ಚ್. ಫ್ರಾನ್ಸ್, ಇಟಲಿಯಲ್ಲಿ ಕೊಯ್ಲು ಸೆಪ್ಟೆಂಬರ್ ಆಸುಪಾಸಿನಲ್ಲಿ. ಹಾಗಾಗಿ ಒಂದೇ ಇಸವಿ ಅಚ್ಚಾಗಿದ್ದರೂ ನಂದಿಯ ವೈನ್ ಫ್ರಾನ್ಸಿನದಕ್ಕಿಂತ ಆರು ತಿಂಗಳು ಹಿರಿಯದು. ನಮ್ಮ ಬಿಳಿ ವೈನುಗಳಲ್ಲಿ ಹೆಚ್ಚಿನವು ಕೊಯ್ಲಾದ ಎರಡು ವರ್ಷದೊಳಗೆ ಕುಡಿದರೇ ಚೆನ್ನ. ಸೋವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನಿನ ಸೀಬೆಹಣ್ಣಿನ ಘಮ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ಇಸವಿ ಹಾಕದ ಬಾಟಲಿಯಾದರೆ ಹಿಂದಿನ ಚೀಟಿಯಲ್ಲಿ ತಯಾರಾದ ಅಥವಾ ತುಂಬಿದ ತಿಂಗಳು ಇರುತ್ತದೆ, ಅದನ್ನೇ ಟಿಪ್ಪಣಿಯಲ್ಲಿ ಕೊಡಿ.

ಇನ್ನು ಲೋಟ. ರುಚಿ ನೋಡಲೆಂದೇ 1977ರಲ್ಲಿ ನಿಗದಿಯಾದ ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡದ) ಲೋಟ 215 ಮಿ.ಲೀ. ಹಿಡಿಯುತ್ತದೆ, ಹೊಟ್ಟೆ 65 ಮಿ.ಮೀ. ಅಗಲ, ಬಾಯಿ 46 ಮಿ.ಮೀ. ಸುರಿಯುವುದು 50 ಮಿ.ಲೀ. ಮಾತ್ರ, ಉಳಿದ ಜಾಗ ಘಮ ನಿಲ್ಲುವುದಕ್ಕೆ. ಆ ಲೋಟವೇ ಬೇಕೆಂದಿಲ್ಲ, ಬಾಯಿ ಕಿರಿದಾದ ಯಾವುದಾದರೂ ಗಾಜಿನ ಲೋಟ ಸಾಕು. ಸ್ಟೀಲ್ ಲೋಟ ಬೇಡ. ಖಾಲಿ ಲೋಟವನ್ನು ಮೊದಲು ಮೂಸಿ ನೋಡಿ. ಪಾತ್ರೆ ಸೋಪು, ಬೀರುವಿನ ನುಸಿಗುಳಿಗೆ, ಒರೆಸುವ ಬಟ್ಟೆಯ ಮುಗ್ಗಲು, ಇವೆಲ್ಲ ಟಿಪ್ಪಣಿಯಲ್ಲಿ ‘ಹೂವಿನ ಘಮ’ ಎಂದೋ ‘ಮಣ್ಣಿನ ವಾಸನೆ’ ಎಂದೋ ದಾಖಲಾಗಿಬಿಡುತ್ತವೆ.

ಸುರಿದ ಮೇಲೆ ಲೋಟವನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ ಅಂಚಿನ ಬಣ್ಣ ನೋಡಬೇಕು. ಕೆಂಪು ವೈನಿನ ಅಂಚು ನೇರಳೆಯಾಗಿದ್ದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾದದ್ದು ಅಥವಾ ಬಿಸಿಗೆ ಸಿಕ್ಕಿದ್ದು. ಆಡಿಸದೆ ಒಮ್ಮೆ, ಆಡಿಸಿ ಒಮ್ಮೆ ಮೂಸಬೇಕು. ಬಾಯಿಗೆ ಹಾಕಿಕೊಂಡ ಮೇಲೆ ಹುಳಿ ಅಳೆಯಲು ಸುಲಭದ ಉಪಾಯವೆಂದರೆ ನುಂಗಿ ಅಥವಾ ಉಗುಳಿ, ತಲೆ ಬಗ್ಗಿಸಿ ಕೂರುವುದು. ಬಾಯಲ್ಲಿ ನೀರು ಎಷ್ಟು ಬೇಗ ಊರುತ್ತದೋ ಹುಳಿ ಅಷ್ಟು ಹೆಚ್ಚು. ಒಗರು ಗೊತ್ತಾಗುವುದು ವಸಡಿನಲ್ಲಿ, ಆಲ್ಕೋಹಾಲ್ ಗಂಟಲಿನ ಉರಿಯಲ್ಲಿ. ನಾಲಿಗೆಯ ತುದಿಯಲ್ಲಿ ಸಿಹಿ, ಪಕ್ಕದಲ್ಲಿ ಹುಳಿ ಎಂದು ಶಾಲೆಯಲ್ಲಿ ಕಲಿತ ನಕ್ಷೆ ತಪ್ಪು, ಎಲ್ಲ ರುಚಿಯೂ ನಾಲಿಗೆಯ ಎಲ್ಲ ಕಡೆ ಗೊತ್ತಾಗುತ್ತದೆ. ಆಮೇಲೆ ರುಚಿ ಎಷ್ಟು ಸೆಕೆಂಡು ಉಳಿಯಿತು ಎಂದು ಎಣಿಸಿ ಬರೆಯಿರಿ. ‘ದೀರ್ಘ ಮುಕ್ತಾಯ’ ಎನ್ನುವುದಕ್ಕಿಂತ ‘12 ಸೆಕೆಂಡು’ ಎಂಬುದು ಉಪಯೋಗಕ್ಕೆ ಬರುತ್ತದೆ. ಅರ್ಧ ಗಂಟೆ ಬಿಟ್ಟು ಒಮ್ಮೆ, ಮರುದಿನ ಒಮ್ಮೆ ಮತ್ತೆ ನೋಡಬೇಕು. ಗ್ರೋವರ್ ವೈನರಿಯ ಲಾ ರಿಸರ್ವ್ ಥರದ, ಕ್ಯಾಬರ್ನೆ–ಶಿರಾಜ್ ಎಂಬ ಎರಡು ಕೆಂಪು ವೈನ್ ದ್ರಾಕ್ಷಿಗಳ ಮಿಶ್ರಣವನ್ನು ತೆರೆದ ಗಳಿಗೆಯಲ್ಲೇ ತೀರ್ಮಾನಿಸುವುದು ನ್ಯಾಯವಲ್ಲ.

ಘಮಗಳ ವಿಷಯದಲ್ಲಿ ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ ಎಂದು ಕಾಣದ ಹಣ್ಣುಗಳ ಹೆಸರು ಬರೆಯುವ ಬದಲು ಅಡುಗೆಮನೆಯಲ್ಲೇ ಮೂಗನ್ನು ಪಳಗಿಸಿಕೊಳ್ಳಬಹುದು. ಹೆಚ್ಚು ಘಮವಿಲ್ಲದ ಅಗ್ಗದ ಬಿಳಿ ವೈನನ್ನು 50 ಮಿ.ಲೀ.ನಂತೆ ನಾಲ್ಕೈದು ಲೋಟಕ್ಕೆ ಹಾಕಿ. ಒಂದಕ್ಕೆ ಒಂದು ಲವಂಗ, ಒಂದಕ್ಕೆ ಜಜ್ಜಿದ ನಾಲ್ಕು ಕಾಳುಮೆಣಸು, ಒಂದಕ್ಕೆ ಬೆರಳುಗುರಿನಷ್ಟು ದೊಣ್ಣೆ ಮೆಣಸಿನಕಾಯಿ, ಒಂದಕ್ಕೆ ಸೀಬೆಹಣ್ಣಿನ ಹೋಳು, ಒಂದಕ್ಕೆ ಜಜ್ಜಿದ ಕೊತ್ತಂಬರಿ ಬೀಜ. ತಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟು, ಸೋಸಿ ಮೂಸಿ. ದೊಣ್ಣೆ ಮೆಣಸಿನಕಾಯಿ ಅರ್ಧ ಗಂಟೆಗಿಂತ ಹೆಚ್ಚು ನೆನೆದರೆ ಮಿಕ್ಕೆಲ್ಲವನ್ನೂ ನುಂಗಿಹಾಕುತ್ತದೆ. ಇವು ಬರೀ ಹೋಲಿಕೆಗಳಲ್ಲ, ವೈನಿನಲ್ಲೂ ಅಡುಗೆಮನೆಯ ಸಾಮಾನಿನಲ್ಲೂ ಇರುವುದು ಒಂದೇ ಪದಾರ್ಥ. ಓಕ್ ಪೀಪಾಯಿಯಿಂದ ವೈನಿಗೆ ಇಳಿಯುವ ಯೂಜಿನಾಲ್ ಲವಂಗದ್ದೂ ಹೌದು. ಮಸ್ಕಟ್ ದ್ರಾಕ್ಷಿಯ ಲಿನಲೂಲ್ ಕೊತ್ತಂಬರಿ ಬೀಜದಲ್ಲಿದೆ. ಸರಿಯಾಗಿ ಮಾಗದ ಕ್ಯಾಬರ್ನೆಯ ಹಸಿ ವಾಸನೆ ದೊಣ್ಣೆ ಮೆಣಸಿನಕಾಯಿಯದೇ. ಹಳೆಯ ಶೆರಿ, ಮಡೀರಾ ವೈನುಗಳಲ್ಲಿ ಸಿಗುವ ಸೋಟಲಾನ್ ನಮ್ಮ ಮೆಂತ್ಯದ ಘಮಕ್ಕೂ ಕಾರಣ. ಸಾರಿನ ಪುಡಿ ಹುರಿದು ಗೊತ್ತಿರುವವರು ಅದನ್ನು ಯುರೋಪಿನವರಿಗಿಂತ ಬೇಗ ಹಿಡಿಯುತ್ತಾರೆ. ಶಿರಾಜ್‌ನ ಮೆಣಸಿನ ಘಾಟಿಗೆ ಕಾರಣವಾದ ರೊಟಂಡೋನ್ ಮಾತ್ರ ಸುಮಾರು ಐದರಲ್ಲಿ ಒಬ್ಬರಿಗೆ ಗೊತ್ತಾಗುವುದಿಲ್ಲ. ಗಂಡನಿಗೆ ಮೆಣಸು ಸಿಕ್ಕಿ ಹೆಂಡತಿಗೆ ಸಿಗದಿದ್ದರೆ ಜಗಳ ಬೇಡ, ಇಬ್ಬರೂ ಸರಿಯೇ.

ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನಿಗೆ ನಿಮ್ಮ ಲೇಖಕರು ಕಡಿಮೆ ಅಂಕ ಕೊಡುವ ರೀತಿಯೂ ನನಗೆ ಒಪ್ಪಿಗೆಯಿಲ್ಲ. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಕೋಲಾರದ ಈ ತಳಿಗೆ 2013ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಅಮೆರಿಕದ ಲಬ್ರುಸ್ಕಾ ದ್ರಾಕ್ಷಿಯ ಸಂಬಂಧದ ತಳಿ ಇದು. ಸಿಪ್ಪೆ ದಪ್ಪ, ಘಮ ಜೋರು; ಮೀಥೈಲ್ ಆಂಥ್ರನಿಲೇಟ್ ಎಂಬ ಪದಾರ್ಥದಿಂದ ಜಾಮ್, ದ್ರಾಕ್ಷಿ ಪೆಪ್ಪರಮೆಂಟಿನ ವಾಸನೆ ಬರುತ್ತದೆ. ಅದು ತಳಿಯ ಗುಣ, ತಯಾರಿಕೆಯ ದೋಷವಲ್ಲ. ಕ್ಯಾಬರ್ನೆಯ ಅಳತೆಗೋಲು ಹಿಡಿದು ‘ಒರಟು’ ಎಂದು ಬರೆದರೆ ಓದುಗರಿಗೆ ಏನು ತಿಳಿಯಿತು? ಚೆನ್ನಾಗಿ ತಣ್ಣಗೆ ಮಾಡಿ, ಖಾರದ ಕಡಲೆಬೀಜದ ಜೊತೆ ಕೊಟ್ಟು ನೋಡಲಿ.

ಇಷ್ಟಕ್ಕೂ ಯಾವುದು ದೋಷ, ಯಾವುದು ಅಲ್ಲ ಎಂಬ ಗೊಂದಲ ಟಿಪ್ಪಣಿಗಳಲ್ಲಿ ಬಹಳ. ನೆನೆದ ರಟ್ಟು, ನೀರಿಳಿದ ಗೋಡೆಯ ಮುಗ್ಗಲು ವಾಸನೆ ಬಂದು ಹಣ್ಣಿನ ಘಮ ಪೂರ್ತಿ ಸತ್ತಿದ್ದರೆ ಅದು ಕಾರ್ಕಿನಿಂದ ಬಂದ ಟಿಸಿಎ ಎಂಬ ರಾಸಾಯನಿಕ. ಗಾಳಿಗೆ ಬಿಟ್ಟಷ್ಟೂ ಜಾಸ್ತಿಯಾಗುತ್ತದೆ, ಸರಿಮಾಡುವ ದಾರಿಯಿಲ್ಲ, ಬಾಟಲಿ ವಾಪಸ್ ಕೊಡಬೇಕು. ಕೊಳೆತ ಮೊಟ್ಟೆ ಅಥವಾ ಗೀರಿದ ಬೆಂಕಿಕಡ್ಡಿಯ ವಾಸನೆಯಾದರೆ ಗಾಳಿ ಸಾಲದೆ ಉಳಿದ ಗಂಧಕದ್ದು. ಎರಡು ಸಲ ಜಗ್ಗಿನಿಂದ ಜಗ್ಗಿಗೆ ಸುರಿದರೆ ಬಹುತೇಕ ಹೋಗುತ್ತದೆ. ಹೋಗದಿದ್ದರೆ ಚೆನ್ನಾಗಿ ಉಜ್ಜಿ ತೊಳೆದ ತಾಮ್ರದ ಚಮಚವನ್ನು ಲೋಟದಲ್ಲಿ ಅರ್ಧ ನಿಮಿಷ ಆಡಿಸಿ ತೆಗೆಯಬಹುದು. ಟಿಸಿಎ, ಗಂಧಕ ಎರಡನ್ನೂ ಬೇರ್ಪಡಿಸುವ ಪರೀಕ್ಷೆಯೂ ಇದೇ, ಗಾಳಿಗೆ ಬಿಟ್ಟು 20 ನಿಮಿಷ ಕಾಯುವುದು: ಟಿಸಿಎ ಹೆಚ್ಚುತ್ತದೆ, ಗಂಧಕ ಇಳಿಯುತ್ತದೆ. ವಿನೆಗರ್, ನೇಲ್ ಪಾಲಿಶ್ ವಾಸನೆ ಬ್ಯಾಕ್ಟೀರಿಯಾದ ಕೆಲಸ. ಕತ್ತರಿಸಿಟ್ಟು ಕಂದಾದ ಸೇಬಿನ ವಾಸನೆ ಗಾಳಿ ನುಗ್ಗಿದ್ದರದು. ಬೇಯಿಸಿದ ಹಣ್ಣು, ಜಾಮಿನ ವಾಸನೆ ಬಂದು ಬಿರಡೆ ಒಂದೆರಡು ಮಿ.ಮೀ. ಮೇಲೆದ್ದಿದ್ದರೆ ಬಿಸಿ ತಾಗಿದೆ. ಫ್ರಿಜ್ಜಿನಲ್ಲಿಟ್ಟ ಬಿಳಿ ವೈನಿನ ತಳದಲ್ಲಿ ಕಲ್ಲುಸಕ್ಕರೆ ಚೂರಿನಂಥ ಹರಳು ಕಂಡರೆ ಗಾಜು ಒಡೆದಿದೆ ಎಂದು ಹೆದರಿ ಚೆಲ್ಲಬೇಡಿ. ಅದು ದ್ರಾಕ್ಷಿಯದೇ ಆದ ಟಾರ್ಟಾರಿಕ್ ಆಮ್ಲದ ಲವಣ, ಚಳಿಗೆ ಗಟ್ಟಿಯಾಗಿದೆ ಅಷ್ಟೆ.

ಮಡಿಕೇರಿಯಿಂದ ತರುವ ‘ಹೋಮ್‌ಮೇಡ್’ ವೈನುಗಳಿಗೆ ಬೇರೆಯೇ ಎಚ್ಚರಿಕೆ ಬೇಕು. ಶುಂಠಿ, ನೆಲ್ಲಿಕಾಯಿ, ವೀಳ್ಯದೆಲೆ, ಪ್ಯಾಶನ್ ಫ್ರೂಟ್ ಎಲ್ಲದರಲ್ಲೂ ಸಕ್ಕರೆ ಧಾರಾಳ, ಅನೇಕ ಸಲ ಯೀಸ್ಟ್ ಇನ್ನೂ ಜೀವಂತ. ಬೆಟ್ಟದ ತಂಪಿನಲ್ಲಿ ಸುಮ್ಮನಿದ್ದ ಯೀಸ್ಟ್ ಬಯಲಿಗೆ ಇಳಿದ ಕೂಡಲೇ ಎಚ್ಚೆತ್ತು ಮತ್ತೆ ಹುದುಗಲು ಶುರುಮಾಡುತ್ತದೆ, ಗಾಳಿ ತುಂಬಿ ಮುಚ್ಚಳ ಹಾರುತ್ತದೆ. ನೆಟ್ಟಗೆ ನಿಲ್ಲಿಸಿ ತನ್ನಿ, ಮನೆಗೆ ಬಂದೊಡನೆ ಮುಚ್ಚಳ ಸಡಿಲಿಸಿ ಗಾಳಿ ಬಿಡಿ, ಫ್ರಿಜ್ಜಿನಲ್ಲಿಟ್ಟು ಒಂದು ವಾರದಲ್ಲಿ ಮುಗಿಸಿ. ಅಂಗಡಿಯಲ್ಲಿ ಚಮಚದಲ್ಲಿ ಕೊಟ್ಟ ರುಚಿಯೇ ತಿಂಗಳಾದ ಮೇಲೂ ಇರುತ್ತದೆಂದು ಬರೆಯಬೇಡಿ.

ಊಟದ ಜೊತೆ ಕುಡಿದದ್ದಾದರೆ ಊಟ ಏನೆಂದು ಹೇಳಲೇಬೇಕು. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಹೆಚ್ಚಿಸುತ್ತದೆ. ಶೇ 14ರ ಓಕ್ ಪೀಪಾಯಿಯ ಕೆಂಪು ವೈನನ್ನು ಕೋಳಿ ಸಾರಿನ ಜೊತೆ ಕುಡಿದು ‘ಕಹಿ, ಉರಿ’ ಎಂದು ಬರೆದರೆ ತಪ್ಪು ವೈನಿನದಲ್ಲ. ಅಲ್ಲಿಗೆ ತುಸು ಸಿಹಿಯಿರುವ ನಾಸಿಕದ ಬಿಳಿ ವೈನ್ ಶೆನಿನ್ ಬ್ಲಾಂಕ್ ಸರಿ. ಹುಣಸೆಹಣ್ಣಿನ ಹುಳಿಯ ಮುಂದೆ ಹುಳಿ ಕಡಿಮೆಯಿರುವ ವೈನ್ ನೀರಿನಂತಾಗುತ್ತದೆ. ಹೋಳಿಗೆ ತಿಂದು ಕುಡಿದರೆ ಒಣ ವೈನ್ ಬರೀ ಹುಳಿ. ಬಂಗುಡೆ ಫ್ರೈ ಜೊತೆ ಕೆಂಪು ವೈನ್ ಕುಡಿದಾಗ ಬಾಯಲ್ಲಿ ಹಸಿ ಮೀನಿನ ಕಮಟು ಬರುವುದಕ್ಕೆ ವೈನಿನಲ್ಲಿರುವ ಕಬ್ಬಿಣ ಕಾರಣವೆಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದ್ದಾರೆ. ಕಬ್ಬಿಣ ಕಡಿಮೆಯಿರುವ ಕೆಂಪು ವೈನೂ ಇರುವುದರಿಂದ ಮೀನಿಗೆ ಕೆಂಪು ಸಲ್ಲದು ಎಂಬುದನ್ನು ಕಟ್ಟುನಿಟ್ಟಿನ ನಿಯಮ ಮಾಡಬೇಕಿಲ್ಲ. ಮಂಗಳೂರಿನವರು ಮಾತ್ರ ಬಿಳಿಯ ಬಾಟಲಿಯೊಂದನ್ನು ಪಕ್ಕದಲ್ಲಿಟ್ಟುಕೊಳ್ಳುವುದು ಕ್ಷೇಮ.

‘ತೋಟದಲ್ಲಿ ಕುಡಿದದ್ದೇ ಚೆನ್ನಾಗಿತ್ತು’ ಎಂದು ಬರೆಯುವ ಮುನ್ನ ಮನೆಯಲ್ಲಿ ಮೂರು ಲೋಟದ ಪರೀಕ್ಷೆ ಮಾಡಲಿ. ತೋಟದಿಂದ ತಂದ ಬಾಟಲಿ, ಅಂಗಡಿಯ ಬಾಟಲಿ, ಎರಡಕ್ಕೂ ಒಂದೇ ಇಸವಿ, ಒಂದೇ ತಂಪು. ಬೇರೊಬ್ಬರು ಮೂರು ಲೋಟಕ್ಕೆ ಸುರಿಯಬೇಕು, ಎರಡರಲ್ಲಿ ಒಂದು, ಮೂರನೆಯದರಲ್ಲಿ ಇನ್ನೊಂದು. ಬೇರೆಯದು ಯಾವುದೆಂದು ಹೇಳಬೇಕು. ಸುಮ್ಮನೆ ಊಹಿಸಿ ಹೇಳಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಆರು ಸುತ್ತಿನಲ್ಲಿ ಐದಾದರೂ ಸರಿ ಬಂದರೆ ಮಾತ್ರ ವ್ಯತ್ಯಾಸವಿದೆ ಎನ್ನಬಹುದು. ಬಣ್ಣ ಕಾಣದಂತೆ ಮಾಡಿದರೆ ಇನ್ನೂ ಒಳ್ಳೆಯದು. 2001ರಲ್ಲಿ ಪ್ರಕಟವಾದ, ಫ್ರಾನ್ಸಿನ ಬೋರ್ಡೋದ ಒಂದು ಪ್ರಯೋಗದಲ್ಲಿ ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ 54 ಮಂದಿ ರುಚಿ ನೋಡಿದವರು ಕೆಂಪು ವೈನಿಗೆ ಹೇಳುವ ಮಾತುಗಳನ್ನೇ ಅದಕ್ಕೂ ಹೇಳಿದರು.

ಉಳಿದ ವೈನನ್ನು ಮರುದಿನ ನೋಡಬೇಕೆಂದರೆ ತೆರೆದ ಕೂಡಲೇ ಅರ್ಧವನ್ನು 375 ಮಿ.ಲೀ.ನ ಶುಭ್ರ ಬಾಟಲಿಗೆ ಕಂಠಮಟ್ಟ ತುಂಬಿ ಮುಚ್ಚಿ, ಕೆಂಪಾದರೂ ಫ್ರಿಜ್ಜಿನಲ್ಲಿಡಬೇಕು. ಹಾಗಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಅರ್ಧ ಖಾಲಿಯಾದ ಬಾಟಲಿಯನ್ನು ಮೇಜಿನ ಮೇಲೆ ಬಿಟ್ಟರೆ ಬೇಸಿಗೆಯಲ್ಲಿ ಒಂದೇ ರಾತ್ರಿ ಸಾಕು.

ಬಾಟಲಿ ತರುವವರು ಕಾರಿನ ಡಿಕ್ಕಿಯಲ್ಲಿಡಬೇಡಿ. ಬಿಸಿಲಿಗೆ ನಿಲ್ಲಿಸಿದ ಕಾರು 50 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ವೈನರಿಯಲ್ಲಿ ಕೊಂಡು, ಆಮೇಲೆ ನಂದಿ ಬೆಟ್ಟ ನೋಡಿ, ಸಂಜೆ ಮನೆ ಸೇರುವಷ್ಟರಲ್ಲಿ ಮೇಲೆ ಹೇಳಿದ ಜಾಮಿನ ವಾಸನೆ ಬಂದಿರುತ್ತದೆ. ಥರ್ಮಾಕೋಲ್ ಪೆಟ್ಟಿಗೆಗೆ ಐಸ್ ಪ್ಯಾಕ್ ಹಾಕಿ ಸೀಟಿನ ಕೆಳಗಿಡಿ, ಇಲ್ಲವೇ ಬೆಟ್ಟ ಮೊದಲು ನೋಡಿ ವೈನರಿಗೆ ಕೊನೆಯಲ್ಲಿ ಹೋಗಿ. ವಿದೇಶದಿಂದ ಬರುವವರು ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್, ಅಂದರೆ ಎರಡು ಪೂರ್ತಿ ಬಾಟಲಿ, ಜೊತೆಗೊಂದು ಅರ್ಧ ಬಾಟಲಿ. ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಸೂಟ್‌ಕೇಸಿನ ನಡುವೆ ಇಡಬೇಕು.

ಮುಂದಿನ ಟಿಪ್ಪಣಿಗಳ ಕೆಳಗೆ ಇಸವಿ ಅಥವಾ ತುಂಬಿದ ತಿಂಗಳು, ಆಲ್ಕೋಹಾಲ್ ಪ್ರಮಾಣ, ಕುಡಿದಾಗಿನ ತಾಪಮಾನ, ಲೋಟದ ಬಗೆ, ತೆರೆದ ಮೇಲಿನ ಹೊತ್ತು, ಜೊತೆಗಿನ ತಿನಿಸು, ಬಾಟಲಿ ಕೊಂಡ ಜಾಗ, ಇಷ್ಟನ್ನು ಎರಡು ಸಾಲಿನಲ್ಲಿ ಅಚ್ಚು ಮಾಡಬೇಕೆಂದು ಕೋರುತ್ತೇನೆ. ಜಾಗ ಸಾಲದಿದ್ದರೆ ನಕ್ಷತ್ರದ ಅಂಕಗಳನ್ನು ತೆಗೆದುಹಾಕಿ.

ಇತಿ,
ಒಬ್ಬ ಓದುಗ, ದೊಡ್ಡಬಳ್ಳಾಪುರ